ಕ್ಯಾಸೆಟ್ಟಿನ ಎರಡು ಮಗ್ಗುಲು

ಏಪ್ರಿಲ್ ೧೪, ಭಾನುವಾರ

ನನ್ನ ಗಿರಗಿಟ್ಲೆಗೆ,

ನಿನ್ನ ಅಳುಮುಂಜಿ ಅಕ್ಕನ ಮುತ್ತುಗಳು. ನಿನ್ನ ಕಾಗದ ಎರಡೂ ಬಂದು ಬಹಳ ದಿನವಾಯಿತು. ಮೊದಲನೆಯದರಲ್ಲಿ ಕೋಪ, ಎರಡನೆಯದರಲ್ಲಿ ಅದರಪ್ಪನಂಥ ಕೋಪ. "ಫೋನ್ ಮಾಡಿದ್ರೆ ಎತ್ತಲ್ಲ, ಎತ್ತಿದ್ರೆ ಹೂಂ ಹೂಂ ಅಂದು ಇಟ್ಬಿಡ್ತೀಯ. ನಾನು ನಿನಗೆ ಬೇಡದವಳಾದೆನಾ?" ಅಂತ ಬರೆದಿದ್ದೀಯ. ತಪ್ಪಾಯ್ತು ಕಣೇ. ಬೇಡದವಳಾಗಿದ್ದರೆ ಬೆಳಗ್ಗೆಯಿಂದ ಕೂತು ಇಷ್ಟೊಂದು ಹಾಳೆ ಹರಿದು ಹಾಕುತ್ತಿರಲಿಲ್ಲ.

ವಿಷಯ ಇಷ್ಟೇ, ನಿನ್ನ ಅಕ್ಕನ ಕಿವಿ ಹೋಗುತ್ತಿದೆ. ಮುಕ್ಕಾಲು ಪಾಲು ಹೋಗಿಯೂ ಆಗಿದೆ. ಫೋನಿನಲ್ಲಿ ನೀನು ಮಾತಾಡಿದರೆ ಗೋಡೆಯಾಚೆ ಯಾರೋ ಸಾಮಾನು ಸರಿಸಿದ ಹಾಗಿರುತ್ತದೆ. ಎಲ್ಲಿ ಹೂಂ ಅನ್ನಬೇಕು, ಎಲ್ಲಿ ನಗಬೇಕು ಎಂದು ಅಂದಾಜಿನ ಮೇಲೆ ನಡೆಸುತ್ತಿದ್ದೆ. ಕೊನೆಗೆ ಅದೂ ಸಾಕಾಗಿ ಎತ್ತುವುದನ್ನೇ ಬಿಟ್ಟೆ. ಮೆಸೇಜು ಹಾಕಬಹುದಿತ್ತಲ್ಲ ಅನ್ನುತ್ತೀಯ. ಇಷ್ಟು ದೊಡ್ಡ ಮಾತು ನನ್ನ ಹೆಬ್ಬೆರಳಿನಿಂದ ಹೊರಡಲಿಲ್ಲ, ಏನು ಮಾಡಲಿ. ಗಾಬರಿ ಬೀಳಬೇಡ, ಗಂಟುಮೂಟೆ ಕಟ್ಟಿಕೊಂಡು ಓಡಿ ಬರಲೂಬೇಡ. ಮನೆಯಲ್ಲಿ ಮಿಕ್ಕವರು ಗುಂಡುಕಲ್ಲಿನ ಹಾಗಿದ್ದಾರೆ. ನಿನ್ನ ಭಾವ ಬೀಗದ ಅಂಗಡಿಯಲ್ಲಿ ಊರವರು ಕಳೆದುಕೊಂಡ ಕೀಲಿಗಳನ್ನೆಲ್ಲ ಮಾಡಿಕೊಟ್ಟು, ನಮ್ಮ ಮನೆಯ ಕೀಲಿಯನ್ನು ಅಲ್ಲೇ ಮರೆತು ಬರುತ್ತಾರೆ. ಮಗಳು ಸರ್ರನೆ ಬೆಳೆದಿದ್ದಾಳೆ. ನನ್ನ ಚಪ್ಪಲಿ ಈಗ ಅವಳಿಗೆ ಸರಿಹೋಗುತ್ತದೆ, ಅಂದರೆ ನನಗೆ ಚಪ್ಪಲಿ ಇಲ್ಲ.

ಗೊತ್ತಾದದ್ದು ಕಾರ್ಖಾನೆಯಲ್ಲಿ. ನಾನು ನಿಲ್ಲುವುದು ಬಾಟಲಿಗಳು ತೊಳೆದುಕೊಂಡು ಬರುವ ಕಡೆ. ಬೆಳಕಿನ ಪರದೆಯ ಮುಂದೆ ಅವು ಸಾಲಾಗಿ ಹೋಗುತ್ತವೆ, ಬಿರುಕು ಬಿಟ್ಟದ್ದು ಕಂಡರೆ ಎತ್ತಿ ಪಕ್ಕದ ಡಬ್ಬಕ್ಕೆ ಹಾಕಬೇಕು. ದಿನವಿಡೀ ಗಾಜಿಗೆ ಗಾಜು ತಾಗುವ ಸದ್ದು. ಸೇರಿದ ಹೊಸತರಲ್ಲಿ ಅದಕ್ಕೆ ಹಲ್ಲು ಜುಮ್ಮೆನ್ನುತ್ತಿತ್ತು. ಈಚೆಗೆ ಒಂದು ದಿನ ಬಾಟಲಿಗಳೆಲ್ಲ ಬಟ್ಟೆ ಸುತ್ತಿಕೊಂಡು ಬರುತ್ತಿವೆಯೇನೋ ಅನ್ನಿಸಿತು. ಹಸಿರು ಬಾಟಲಿಯ ಹಿಂದೆ ಹಸಿರು ಬಾಟಲಿ, ಎಲ್ಲವೂ ನೀರಿನೊಳಗೆ ನಡೆದು ಹೋಗುತ್ತಿರುವಂತೆ. ನಿಜ ಹೇಳಲಾ? ನನಗೆ ಖುಷಿಯಾಯಿತು. ಅಂತೂ ಯಂತ್ರಕ್ಕೆ ಎಣ್ಣೆ ಹಾಕಿದರಪ್ಪಾ ಎಂದು ಮೇಸ್ತ್ರಿಗೆ ಹೇಳಿದೆ. ಆತ ನನ್ನ ಮುಖವನ್ನೇ ನೋಡುತ್ತಾ ಏನೋ ಬಾಯಿ ಆಡಿಸಿದ. ಅದೂ ಕೇಳಿಸಲಿಲ್ಲ.

ಇನ್ನು ಕಿವಿ ಪರೀಕ್ಷೆಯ ಕಥೆ ಕೇಳು, ನೀನು ಬಿದ್ದು ಬಿದ್ದು ನಗುತ್ತೀಯ. ಗಾಜಿನ ಗೂಡಿನಂಥ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಕುಂಯ್ ಎಂದು ಸದ್ದು ಕೇಳಿಸಿದಾಗಲೆಲ್ಲ ಒತ್ತಬೇಕು. ಪರೀಕ್ಷೆ ಮಾಡುವ ಹುಡುಗಿ ಹೊಸಬಳು, ಪಾಪ, ಒಂದೇ ಲಯದಲ್ಲಿ ಸದ್ದು ಬಿಡುತ್ತಾ ಹೋದಳು. ನಾನೂ ಒತ್ತುತ್ತಾ ಹೋದೆ. ಸದ್ದು ಸಣ್ಣದಾಯಿತು, ಇನ್ನೂ ಸಣ್ಣದಾಯಿತು, ನಾನು ಬಿಡಲಿಲ್ಲ. ಚೀಟಿಯಲ್ಲಿ ಕಿವಿ ಚೆನ್ನಾಗಿಯೇ ಇದೆ ಎಂದು ಬಂತು! ನಿನ್ನ ಭಾವ ಆ ಚೀಟಿಯ ಹಿಂದೆಯೇ ಬರೆದು ತೋರಿಸಿದರು: "ಹಾಗಾದ್ರೆ ಇಷ್ಟು ವರ್ಷ ನನ್ನ ಮಾತು ಬೇಕಂತಲೇ ಕೇಳಿಸ್ಕೊಳ್ತಿರಲಿಲ್ಲ!" ಡಾಕ್ಟರಮ್ಮನಿಗೆ ಮಾತ್ರ ಅನುಮಾನ. ಹಿಂದೆ ನಿಂತು ನನ್ನನ್ನು ಕರೆದರಂತೆ, ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದೆನಂತೆ. ಮತ್ತೆ ಗೂಡಿಗೆ ಕಳಿಸಿದರು. ಈ ಸಲ ಹುಡುಗಿ ಸದ್ದುಗಳನ್ನು ಎಲ್ಲೆಂದರಲ್ಲಿ ಬಿಟ್ಟಳು. ನಾನು ಒತ್ತಿದ್ದೆಲ್ಲ ಖಾಲಿ ಜಾಗದಲ್ಲಿ. ಅವಳು ನಗುತ್ತಲೇ ಬಾಗಿಲು ತೆಗೆದಳು, ಆಮೇಲೆ ನಗು ನಿಲ್ಲಿಸಿ, ತುಟಿ ನೋಡಿ ನನಗೆ ಅರ್ಥವಾಗುವಂತೆ ನಿಧಾನವಾಗಿ ಹೇಳಿದಳು, "ಅಕ್ಕಾ, ನೀವು ಕೇಳಿಸ್ಕೊಳ್ತಾ ಇಲ್ಲ. ತಾಳ ಹಾಕ್ತಾ ಇದೀರ."

ಯಾವ ತಾಳ ಹೇಳು? ನಿನ್ನದೇ ಕಣೇ, ನಿನ್ನ ಆ ಮುಗಿಯದ ಫಂಕ್ ಹಾಡಿನದು! ಮೋಸ ಮಾಡಬೇಕು ಅಂತಲ್ಲ. ನನಗೆ ಕೇಳಿಸಿತು ಅಂತಲೇ ನಾನು ಒತ್ತಿದ್ದು. ಮೊದಲ ನಾಲ್ಕು ಸದ್ದು ಬಿದ್ದ ಲಯ ಆ ಹಾಡಿನ ಲಯವೇ ಆಗಿತ್ತು, ಮಿಕ್ಕದ್ದನ್ನು ಮೈಯೇ ತುಂಬಿಕೊಂಡುಬಿಟ್ಟಿತು. ಇಂಥ ಎಡವಟ್ಟು ನಮ್ಮಿಬ್ಬರಿಗಲ್ಲದೆ ಲೋಕದಲ್ಲಿ ಇನ್ಯಾರಿಗೆ ಸಾಧ್ಯ?

ಈಗ ಡಾಕ್ಟರಮ್ಮ ಹೇಳುವುದು ಇದು. ಸಾಮಾನ್ಯ ಕಿವಿಯ ಮೆಷಿನ್ನು ನನಗೆ ಸಾಲುವುದಿಲ್ಲ. ಕಿವಿಯ ಹಿಂದೆ ಆಪರೇಷನ್ ಮಾಡಿ, ಒಳಗೊಂದು ತಂತಿ ಕೂರಿಸಿದರೆ, ಅಭ್ಯಾಸವಾದ ಮೇಲೆ ಮನುಷ್ಯರ ಮಾತು ಮತ್ತೆ ತಿಳಿಯುತ್ತದೆ. ಆದರೆ ಈಗ ತಳದಲ್ಲಿ ಉಳಿದಿರುವ ದಪ್ಪ ಸದ್ದು, ಗುಡುಗು, ಲಾರಿ, ಡ್ರಮ್ಮು, ಅದು ಹೋದರೂ ಹೋಗಬಹುದು. ಮಾತಿಗೆಂದೇ ಮಾಡಿದ ಯಂತ್ರವಂತೆ ಅದು. ಹಾಡು ಹಾಡಾಗಿ ಕೇಳಿಸುವುದು ಕಷ್ಟವಂತೆ. "ಯೋಚನೆ ಮಾಡಿ ಹೇಳಿ, ಆದರೆ ತುಂಬಾ ದಿನ ಯೋಚನೆ ಮಾಡಬೇಡಿ" ಅಂದಿದ್ದಾರೆ. ಅಂದರೆ ಮಾತು ಬೇಕಾದರೆ ಉಳಿದ ಹಾಡನ್ನು ಬಿಟ್ಟುಕೊಡಬೇಕು. ಅಂದಿನಿಂದ ನನ್ನ ತಲೆಯಲ್ಲಿ ಓಡುತ್ತಿರುವುದು ನಮ್ಮ ಹಳೇ ಜಗಳ.

ನಾವಿಬ್ಬರೂ ಇದ್ದ ಆ ಸಣ್ಣ ಕೋಣೆ, ಮಂಚಗಳ ನಡುವೆ ಸ್ಟೂಲು, ಸ್ಟೂಲಿನ ಮೇಲೆ ಟೇಪ್‌ರೆಕಾರ್ಡರ್. ಒಂದೇ ಕ್ಯಾಸೆಟ್ಟು, ಒಂದು ಮಗ್ಗುಲಿಗೆ ನನ್ನ ರಾಕ್ ಹಾಡು, ಇನ್ನೊಂದು ಮಗ್ಗುಲಿಗೆ ನಿನ್ನ ಫಂಕು. ನನ್ನದು ಒಂಟಿ ಗಿಟಾರಿನಿಂದ ಶುರುವಾಗುತ್ತಿತ್ತು, ಖಾಲಿ ಮನೆಯಲ್ಲಿ ಯಾರೋ ಕೂತು ತನಗೆ ತಾನೇ ಹೇಳಿಕೊಳ್ಳುವ ದನಿ, ಡ್ರಮ್ಮು ಬರುವಷ್ಟರಲ್ಲಿ ನನ್ನ ಕಣ್ಣು ತುಂಬಿರುತ್ತಿತ್ತು. ನೀನು ಮಂಚದ ಮೇಲಿಂದ, "ಅಯ್ಯೋ, ಆ ಮನುಷ್ಯನಿಗೆ ಯಾರಾದ್ರೂ ಊಟ ಹಾಕ್ರಪ್ಪಾ, ಹಸಿವಿಗೆ ಅಳ್ತಿದಾನೆ" ಅನ್ನುತ್ತಿದ್ದೆ. ಆಮೇಲೆ ಕ್ಯಾಸೆಟ್ಟು ತಿರುವಿ ಹಾಕಿದರೆ ನಿನ್ನದು. ಇಡೀ ಮಗ್ಗುಲು ಒಂದೇ ಹಾಡು. ಒಂದು ಬೇಸ್ ಗಿಟಾರು ಹೇಳಿದ್ದನ್ನೇ ಹೇಳುತ್ತದೆ, ಇನ್ನೊಂದು ಗಿಟಾರು ಚಿಕ್ ಚಿಕ್ ಎಂದು ಚುಡಾಯಿಸುತ್ತದೆ, ತುತ್ತೂರಿಗಳು ನೆಂಟರ ಹಾಗೆ ಬಂದು ಹೋಗುತ್ತವೆ. ನೀನು ಕಣ್ಣು ಮುಚ್ಚಿ ಗಿರಗಿರ ತಿರುಗುತ್ತಿದ್ದೆ. "ಇದು ಹಾಡೇನೇ? ಹಿಟ್ಟಿನ ಗಿರಣಿ!" ಅಂತ ನಾನು. "ಹೆತ್ತೋರಿಗೆ ಹೆಗ್ಗಣ ಮುದ್ದು, ಹೋಗೇ" ಅಂತ ನೀನು. ಅಮ್ಮ ಬಂದು ಇಬ್ಬರ ತಲೆಗೂ ಮೊಟಕಿ, ಪ್ಲಗ್ಗು ಕಿತ್ತು ಹೋಗುತ್ತಿದ್ದಳು.

ಆಗ ನಾನು ಹೇಳುತ್ತಿದ್ದೆ, ನನ್ನ ಹಾಡಿಗೊಂದು ಕೊನೆ ಇದೆ, ನಿನ್ನದಕ್ಕಿಲ್ಲ ಎಂದು. ನನ್ನದು ಕೊನೇ ಮಾತು ಹೇಳಿ ಬಾಗಿಲು ಹಾಕಿಕೊಳ್ಳುತ್ತದೆ. ನಿನ್ನದನ್ನು ಯಾರೋ ಮೆಲ್ಲಗೆ ಸಣ್ಣ ಮಾಡುತ್ತಾರೆ ಅಷ್ಟೇ. ಅದಕ್ಕೆ ನೀನು, "ನಮಗೆ ಕೇಳಿಸ್ತಿಲ್ಲ ಅಷ್ಟೇ ಕಣೇ, ಅವರು ಆ ಕೋಣೇಲಿ ಇನ್ನೂ ಬಾರಿಸ್ತಾನೇ ಇದಾರೆ" ಅಂದಿದ್ದೆ. ಆ ವಯಸ್ಸಿಗೇ ಅಂಥ ಮಾತು ಹೇಗೆ ಹೊಳೆಯಿತೇ ನಿನಗೆ?

ಹೋದ ವಾರದ್ದೊಂದು ವಿಚಿತ್ರ ಹೇಳುತ್ತೇನೆ. ರಜೆಯಿತ್ತು, ಮಧ್ಯಾಹ್ನ ಬಿಸಿಲು ನೆಲದ ಮೇಲೆ ಹಾಸಿತ್ತು. ಹಳೇ ಟೇಪ್‌ರೆಕಾರ್ಡರಿಗೆ ನಿನ್ನ ಭಾವ ಹೊಸ ಬೆಲ್ಟು ಹಾಕಿ ಕೊಟ್ಟಿದ್ದರು. ನನ್ನ ಹಾಡು ಹಾಕಿ ಕುರ್ಚಿಗೆ ಒರಗಿದೆ. ಎಲ್ಲವೂ ಕೇಳಿಸಿತು ಕಣೇ! ಗಿಟಾರು, ಆ ದನಿ, ಕೊನೇ ಚರಣಕ್ಕೆ ಮುಂಚೆ ಅವನು ಎಳೆದುಕೊಳ್ಳುವ ಉಸಿರು ಕೂಡ. ಕಣ್ಣೀರು ಇಳಿಯುತ್ತಿತ್ತು. ಕಣ್ಣು ಬಿಟ್ಟರೆ ನಿನ್ನ ಭಾವ ಎದುರಿಗೆ ನಿಂತು ಮೇಲಕ್ಕೆ ಬೆರಳು ತೋರಿಸುತ್ತಿದ್ದಾರೆ. ಫ್ಯಾನು ನಿಂತಿದೆ. ಕರೆಂಟು ಹೋಗಿ ಎಷ್ಟು ಹೊತ್ತಾಗಿತ್ತೋ! ಹಾಡು ಬಂದದ್ದು ನನ್ನೊಳಗಿಂದ.

ಕರೆಂಟು ಬಂದ ಮೇಲೆ ಮಗ್ಗುಲು ತಿರುವಿ ನಿನ್ನದನ್ನು ಹಾಕಿದೆ. ಸ್ಪೀಕರನ್ನು ನೆಲಕ್ಕಿಟ್ಟು ಪಕ್ಕದಲ್ಲೇ ಅಂಗಾತ ಮಲಗಿದೆ. ತುತ್ತೂರಿ ಇಲ್ಲ, ಚಿಕ್ ಚಿಕ್ ಇಲ್ಲ, ಬೇಸ್ ಮಾತ್ರ ಬಂತು, ಬೆನ್ನಿನ ಮೂಲಕ, ಹಿಮ್ಮಡಿಯ ಮೂಲಕ. ಬಿಸಿಲು ಗೋಡೆಯೇರುವವರೆಗೂ ಹಾಗೇ ಬಿದ್ದುಕೊಂಡಿದ್ದೆ. ಮನೆ ಮೆತ್ತಗೆ ತೇಲುತ್ತಿತ್ತು. ಆಮೇಲೆ ಅದನ್ನು ನಿಲ್ಲಿಸಿ, ತಲೆಯೊಳಗೆ ನಡೆಸಿ ನೋಡಿದೆ. ಆಗಲಿಲ್ಲ. ಪರೀಕ್ಷೆಯ ಗೂಡಿನಲ್ಲಿ ಮೈಗೆ ನೆನಪಿದ್ದದ್ದು ಬರೀ ಹೆಜ್ಜೆ, ಹಾಡಲ್ಲ. ಒಂದೆರಡು ಸುತ್ತು ಬಂದು ದಾರಿ ತಪ್ಪಿತು. ಅಷ್ಟು ವರ್ಷ ಒಂದೇ ಥರ ಅಂತ ನಾನು ಬೈದ ಹಾಡಿನಲ್ಲಿ ಒಂದು ಸುತ್ತಿನ ಹಾಗೆ ಇನ್ನೊಂದು ಸುತ್ತು ಇರುವುದೇ ಇಲ್ಲ ಕಣೇ! ನನ್ನದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಹುದು, ಅದಕ್ಕೆ ಅಂಚಿದೆ, ಕೊನೆಯಿದೆ. ನಿನ್ನದನ್ನು ಇಟ್ಟುಕೊಳ್ಳಲು ಬರುವುದಿಲ್ಲ, ಅದು ನಡೆಯುವಾಗ ಜೊತೆಗಿರಬೇಕು ಅಷ್ಟೇ. ನೀನು ಗೆದ್ದೆ, ತಗೋ. ಬರೆದು ಕೊಟ್ಟಿದ್ದೇನೆ, ಚೌಕಟ್ಟು ಹಾಕಿಸಿ ನೇತುಹಾಕಿಕೋ.

ಅದಕ್ಕೇ ನನಗೆ ಆಪರೇಷನ್ ಬೇಡ. ನನ್ನ ಹಾಡು ಎಲ್ಲಿಗೂ ಹೋಗುವುದಿಲ್ಲ, ಹೋಗುವುದು ನಿನ್ನದು. ನಿನ್ನ ಭಾವನಿಗೆ ಹೇಳಿದರೆ ಅವರಿಗೆ ತಲೆಬಿಸಿ. "ಜನರ ಮಾತಿಗಿಂತ ಆ ಡಬ್ಬಾ ಹಾಡು ಹೆಚ್ಚಾಯ್ತಾ?" ಎಂದು ಇಷ್ಟು ದಪ್ಪ ಅಕ್ಷರದಲ್ಲಿ ಬರೆದರು. "ಜನ ಏನು ಅಂಥಾ ಮಾತಾಡಿ ಕಡಿದು ಕಟ್ಟೆ ಹಾಕ್ತಿದಾರೆ? ಅಕ್ಕಿ ರೇಟು, ಮೊಣಕಾಲು ನೋವು" ಅಂದೆ ನಾನು. ಅವರು ನಗಲಿಲ್ಲ. ಆ ಮನುಷ್ಯ ನಗದೇ ಇದ್ದರೆ ನನಗೆ ಭಯವಾಗುತ್ತದೆ. ಆದರೂ ಹಿಡಿದ ಹಟ ಬಿಡಲಿಲ್ಲ. ತುಟಿ ನೋಡಿ ಅರ್ಧ, ಚೀಟಿ ನೋಡಿ ಅರ್ಧ, ಸಂಸಾರ ಸಾಗುತ್ತಿದೆಯಲ್ಲ. ಜಪ್ಪಯ್ಯ ಅಂದರೂ ಒಪ್ಪುವುದಿಲ್ಲ ಎಂದು ಡಾಕ್ಟರಮ್ಮನಿಗೆ ಹೇಳಿಬಿಡುತ್ತೇನೆ. ನೀನಾದರೂ ನನ್ನ ಕಡೆ ನಿಲ್ಲು. ನೀನು ನಿಲ್ಲದೆ ಇನ್ಯಾರು ನಿಲ್ಲಬೇಕು?

ಹೊತ್ತು ಹೊತ್ತಿಗೆ ಊಟ ಮಾಡು. ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ಹೇಳು, ಅವರ ಬೆನ್ನುನೋವು ಹೇಗಿದೆ ಬರೆ. ನಿನ್ನ ಕಾಲು ಗಟ್ಟಿಯಾಗಿರಲಿ, ಮನೆ ತುಂಬ ಸದ್ದಿರಲಿ, ಯಾರೂ ಬಂದು ಪ್ಲಗ್ಗು ಕೀಳದಿರಲಿ. ಬೇರೆ ಆಶೀರ್ವಾದ ನನಗೆ ತಿಳಿಯದು.

ನಿನ್ನ
ಅಳುಮುಂಜಿ ಅಕ್ಕ

ತಾ. ಕ.: ಇವತ್ತು ಬುಧವಾರ. ಲಕೋಟೆ ಇನ್ನೂ ಅಂಟಿಸಿರಲಿಲ್ಲ, ಒಳ್ಳೆಯದೇ ಆಯಿತು. ಮೇಲೆ ಬರೆದದ್ದನ್ನೆಲ್ಲ ಹೊಡೆದುಹಾಕುವುದಿಲ್ಲ, ಬರೆಯುವಾಗ ಅದು ನಿಜವೇ ಆಗಿತ್ತು. ಆದರೆ ಬೆಳಗ್ಗೆ ಹೋಗಿ ಡಾಕ್ಟರಮ್ಮನಿಗೆ ಹೂಂ ಅಂದು ಬಂದೆ.

ನಿನ್ನೆ ಸಂಜೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಕಿಟಕಿಯ ಗಾಜಿನಲ್ಲಿ ಹಿಂದಿನ ಬಾಗಿಲು ಕಾಣುತ್ತದೆ. ಮಗಳು ಬಂದು ಹೊಸ್ತಿಲಲ್ಲಿ ನಿಂತಳು. ಬಾಯಿ ತೆರೆದಳು. ಆಮೇಲೆ ಮುಚ್ಚಿಕೊಂಡಳು. ನಡೆದು ಬಂದು ನನ್ನ ಹೆಗಲು ಮುಟ್ಟಿದಳು. "ನನ್ನನ್ನ ಕೂಗೋದು ಯಾವಾಗ ಬಿಟ್ಟೆ?" ಎಂದು ಕೇಳಿದೆ. ಅವಳು ತಪ್ಪು ಮಾಡಿದವಳ ಹಾಗೆ ಮುಖ ಮಾಡಿ, "ನೆನಪಿಲ್ಲ" ಅಂದಳು. ನನಗೂ ನೆನಪಿಲ್ಲ ಕಣೇ. ಅವಳು ಕಡೇ ಸಲ ಅಮ್ಮಾ ಅಂತ ಕೂಗಿದ್ದು ಯಾವತ್ತು, ಯಾಕೆ ಕೂಗಿದಳು, ನಾನೇನಂದೆ, ಒಂದೂ ನೆನಪಿಲ್ಲ. ಹಾಡಿನ ಉಸಿರನ್ನೆಲ್ಲ ನೆನಪಿಟ್ಟುಕೊಂಡವಳು ನಾನು!

ಆಪರೇಷನ್ ಆದ ಮೇಲೆ ಮೊದಮೊದಲು ಯಾರು ಮಾತಾಡಿದರೂ ತಗಡು ಬಡಿದ ಹಾಗೆ ಕೇಳಿಸುತ್ತದಂತೆ. ಕೇಳಿಸಲಿ. ಅವಳು ಇನ್ನೊಂದು ಕೋಣೆಯಿಂದ ಒಂದು ಸಲ ಕೂಗಲಿ. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು, "ಬಂದೆ ಇರೇ" ಅನ್ನಬೇಕು.