ಬಸ್ಸಮ್ಮನ ರೊಟ್ಟಿ

ದೇವದುರ್ಗ, ೧೯೪೪

ಅಮರೇಶ,

ಹೈದರಾಬಾದಿನ ಯುನಿವರ್ಸಿಟಿಯಲ್ಲಿ ನಿನ್ನ ಜೊತೆ ಓದುವ ಮಾನ್ವಿಯ ವಲಿ ಪಾಷಾ ಇಂದು ಮನೆಗೆ ಬಂದಿದ್ದ. ಹಿಟ್ಟಿನ ಕೈಯಲ್ಲೇ ಬಾಗಿಲು ತೆರೆದೆ.

"ಬಸ್ಸಮ್ಮ ನೀನೇ ಏನವ್ವಾ? ನೀ ಮಾಡಿದ ರೊಟ್ಟಿ ತಿಂದೇ ಹಾಸ್ಟೆಲಿನ್ಯಾಗ ನಾವೆಲ್ಲಾ ಅಮರೇಶನ ದೋಸ್ತರಾದ್ವಿ. ಅವರವ್ವಾರು ಒಲಿ ಮುಂದ ಕೂಡ್ರೋರಲ್ಲಂತಲ್ಲ?"

ನಮ್ಮ ಮನೆಯಲ್ಲಿ ಬಸ್ಸಮ್ಮ ಎಂಬ ಕೆಲಸದವಳು ಯಾವಾಗ ಇದ್ದಳೋ? ದೊಡ್ಡ ಮನೆತನದ ಹುಡುಗರ ನಡುವೆ ಕೂಡಲು ನಿನಗೆ ನನ್ನ ರೊಟ್ಟಿ ಆಗುತ್ತದೆ, ಹೆತ್ತ ನಾನು ಆಗುವುದಿಲ್ಲವೇನು?

"ಹೌದಪಾ, ನಾನೇ. ಉಣ್ಣಾಕ ಕೂಡು" ಎಂದೆ. ಅವನ ಮುಂದೆ ನಿನ್ನನ್ನು ಸುಳ್ಳುಗಾರನನ್ನಾಗಿ ಮಾಡಲು ನಾಲಿಗೆ ಏಳಲಿಲ್ಲ. ನಿನ್ನ ಮೇಲಿನ ಸಿಟ್ಟು ಇನ್ನೂ ಆರಿಲ್ಲ.

"ಅವ್ವಾರು ಎಲ್ಲ್ಯದಾರ?" ಎಂದು ಕೇಳಿದ. ಇಲ್ಲ ಎಂದೆ.

ಈ ಕಾಗದ ನಿನಗೆ ಕಳಿಸುವುದಿಲ್ಲ. ನಿನ್ನ ಬಸ್ಸಮ್ಮನಿಗೆ ಬರೆಯಲು ಬರುವುದಿಲ್ಲವಲ್ಲ.