ದಾರಿಯ ಕೆಸರು

ಅಶ್ವತ್ಥ,

ಲಕ್ಕೂರಿಗೆ, ಚಿಕ್ಕಮ್ಮನ ಮನೆಗೆ ಹೋಗುತ್ತಿದ್ದೇನೆ. ನಾಳಿದ್ದು ಬರುತ್ತೇನೆ. ಮುದ್ದೆ, ಹುರುಳಿ ಸಾರು ಒಲೆಯ ಪಕ್ಕ ಮುಚ್ಚಿಟ್ಟಿದೆ. ಸಂಜೆ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕು. ಒದ್ದೆ ಸೊಪ್ಪು ಹಾಕಬೇಡ, ಸಾಯುತ್ತವೆ.

ನಿನ್ನೆ ಕೋಲಾರದ ವಸ್ತುಪ್ರದರ್ಶನದಲ್ಲಿ ನಾನು ನಿನ್ನ ಪಕ್ಕದಲ್ಲೇ ನಿಂತಿದ್ದೆ ಕಣೋ. ಎಪ್ಪತ್ತೊಂದರ ಯುದ್ಧದ ಆ ಮೊಳದುದ್ದದ ಟ್ಯಾಂಕಿನ ಮಾದರಿ ನೀನೇ ಮಾಡಿದ್ದು. ಮರ ಕೆತ್ತಿದ್ದು, ಚಕ್ರಕ್ಕೆ ಸೈಕಲ್ ಚೈನು ಸುತ್ತಿದ್ದು ಎಲ್ಲ ನೀನೇ, ಇಲ್ಲವೆನ್ನುವುದಿಲ್ಲ. ಆದರೆ ಕೆರೆಯ ಗೋಡುಮಣ್ಣು ಹೊತ್ತು ತಂದು, ಹಳೇ ಸೀರೆಯಲ್ಲಿ ಸೋಸಿ, ಗೋಂದು, ರಾಗಿ ಹೊಟ್ಟು ಕಲಸಿ, ಚೈನಿಗೆ ದಪ್ಪಗೆ ಮೆತ್ತಿ, ಪಕ್ಕಗಳಿಗೆ ಪೊರಕೆ ಕಡ್ಡಿಯಿಂದ ಚಿಮುಕಿಸುತ್ತಾ ನಾಲ್ಕು ದಿನ ಕೂತವಳು ಯಾರು?

ಬಹುಮಾನ ಕೊಡುವ ಮೇಷ್ಟ್ರು, "ಕೆಸರು ನಿಜದ್ದೇ ಅನ್ನಿಸ್ತದೆ, ಹೆಂಗಪ್ಪಾ ಮಾಡ್ದೆ?" ಅಂದರು. ನಿನಗೆ ಗೊತ್ತಿರಲಿಲ್ಲ. ಗೊತ್ತಿದ್ದ ಈ ಅಕ್ಕನ ಮುಖ ನೋಡಿಕೊಂಡೇ ನೀನು ಹೇಳಿದೆ, "ಮಾಡಿದ್ದಲ್ಲ ಸಾರ್, ಬರೋ ದಾರೀಲಿ ಅಂಟ್ಕೊಂಡಿದ್ದು."

ನಾಳೆ ಬೆಂಗಳೂರಿನ ಪ್ರದರ್ಶನಕ್ಕೆ ಒಯ್ಯಬೇಕಾದ ಟ್ಯಾಂಕು ಜಗಲಿಯ ಮೇಲೆ ಒಣಗುತ್ತಿದೆ. ಬೆಳಗ್ಗೆ ಬಚ್ಚಲಲ್ಲಿ ತಿಕ್ಕಿ ತೊಳೆದೆ.

ಕೆಸರು ದಾರಿಯಲ್ಲಿ ಸಿಗುತ್ತದೆ.

ಆದಿಲಕ್ಷ್ಮಿ