ಅಂಗಡಿ ಗಾಜಿನ ಹಿಂದೆ ಬಂದ ನಿದ್ದೆ

ಬಸ್ ನಿಲ್ದಾಣದ ಎದುರಿನ ಲಾಡ್ಜ್, ಮೂರನೆಯ ಮಹಡಿ
ಹದಿನಾಲ್ಕನೆಯ ತಾರೀಖು, ಗುರುವಾರ ಮಧ್ಯಾಹ್ನ

ಪ್ರೀತಿಯ ಟೀಚರಮ್ಮಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೇ? ಮೆಟ್ಟಿಲು ಹತ್ತುವಾಗ ನಕ್ಷೆಯ ಸುರುಳಿಗಳನ್ನೆಲ್ಲ ನೀನೇ ಹೊರಬೇಡ, ನಿನ್ನ ವಿದ್ಯಾರ್ಥಿಗಳಿಗೂ ಎರಡೆರಡು ಕೈಗಳಿವೆ. ನಾನು ಊಟ ತಿಂಡಿಗೇನೂ ಕಡಿಮೆ ಮಾಡಿಕೊಂಡಿಲ್ಲ, ಹೊಟ್ಟೆಯೂ ಹೇಳಿದ ಮಾತು ಕೇಳುತ್ತಿದೆ. ನಿದ್ದೆಯ ವಿಷಯ ನಿನಗೆ ಗೊತ್ತೇ ಇದೆ. ನೀನು ಆ ಊರಿನ ತರಬೇತಿ ಕೇಂದ್ರದಲ್ಲಿ ನಕ್ಷೆ ಕಲಿಸಲು ಹೋದಾಗಿನಿಂದ ಅದು ನನ್ನ ಹತ್ತಿರ ಟೂ ಬಿಟ್ಟಿದೆ. ಊರೂರಿಗೆ ಹೋಗಿ ಹಾಸಿಗೆ ಮಾರುವವನಿಗೆ ಕಣ್ಣು ಮುಚ್ಚಲು ಬರುವುದಿಲ್ಲವಲ್ಲ ಎಂದು ಮೊನ್ನೆ ಭಾನುವಾರ ನೀನು ಫೋನಿನಲ್ಲಿ ನಕ್ಕೆ. ಆಮೇಲೆ ನಗು ನಿಲ್ಲಿಸಿ, ಇನ್ನೂ ಎರಡು ವರ್ಷ ಇಲ್ಲೇ ಇರಿ ಎಂದು ಕೇಂದ್ರದವರು ಕೇಳುತ್ತಿದ್ದಾರೆ, ಏನು ಹೇಳಲಿ ಎಂದೆ. ನಾನು ದೊಡ್ಡ ಮನಸ್ಸಿನವನ ಹಾಗೆ "ನಿನ್ನಿಷ್ಟ" ಅಂದುಬಿಟ್ಟೆ. ಅದು ಉತ್ತರವೇ ಅಲ್ಲ ಎಂದು ನೀನು ಫೋನ್ ಇಟ್ಟ ರೀತಿಯಲ್ಲೇ ಗೊತ್ತಾಯಿತು. ಬರುವ ಸೋಮವಾರ ನೀನು ಅವರಿಗೆ ಹೇಳಬೇಕು. ಅಷ್ಟರೊಳಗೆ ನಾನು ನಿನಗೆ ಸರಿಯಾಗಿ ಹೇಳಬೇಕು. ಫೋನ್ ಹಿಡಿದರೆ ಮತ್ತೆ "ನಿನ್ನಿಷ್ಟ" ಅಂದೇನು ಎಂಬ ಭಯಕ್ಕೆ ಕಾಗದ ಹಿಡಿದಿದ್ದೇನೆ. ಮೊದಲು ಸುದ್ದಿ ಕೇಳು, ಏಕೆಂದರೆ ಈ ಸಲ ಸುದ್ದಿ ನಾನೇ.

ಈ ಸೋಮವಾರ ರಾತ್ರಿ ಹತ್ತಿದ ಬಸ್ಸು ದಾರಿಯಲ್ಲಿ ಕೈಕೊಟ್ಟಿತು. ಎಲ್ಲರೂ ಇಳಿದು ತಳ್ಳಿದೆವು. ಬಸ್ಸು ಮುಂದೆ ಹೋಯಿತು, ನನ್ನ ಬಲಗಾಲಿನ ಬೂಟು ಕೆಸರಿನಲ್ಲೇ ಉಳಿಯಿತು. ಹುಡುಕಿ ತೆಗೆದಾಗ ಅದು ಬೂಟಿನ ರೂಪದಲ್ಲಿರಲಿಲ್ಲ. ಕಾಲುಚೀಲವನ್ನಾದರೂ ಬದಲಾಯಿಸೋಣ ಎಂದು ಕತ್ತಲಲ್ಲಿ ಚೀಲಕ್ಕೆ ಕೈ ಹಾಕಿ ಸಿಕ್ಕಿದ್ದನ್ನು ಹಾಕಿಕೊಂಡೆ. ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ನಮ್ಮ ಹಾಸಿಗೆ ಮಾರುವ ಅಂಗಡಿ ತೆರೆಯುವ ಹೊತ್ತು. ಲಾಡ್ಜಿಗೂ ಹೋಗದೆ ನೆಟ್ಟಗೆ ಅಲ್ಲಿಗೇ ಓಡಿದೆ. ಎರಡು ರಸ್ತೆ ಕೂಡುವ ಮೂಲೆಯಲ್ಲಿದೆ ಅಂಗಡಿ. ಮುಂದೆ ಗೋಡೆಯಗಲ ಗಾಜು, ಗಾಜಿನ ಹಿಂದೆ ಮಂಚ, ಮಂಚದ ಮೇಲೆ ನಮ್ಮ ಕಂಪನಿಯ ಹೊಸ ಹಾಸಿಗೆ. ಪಕ್ಕದ ಕುರ್ಚಿಯಲ್ಲಿ ಅಂಗಡಿಯವರ ಸೋದರತ್ತೆ ಪೇಪರ್ ಹಿಡಿದು ಕೂತಿದ್ದರು. ಬೆಳಕು ಅಲ್ಲೇ ಚೆನ್ನಾಗಿದೆ ಎಂದು ದಿನಾ ಅಲ್ಲೇ ಕೂರುತ್ತಾರಂತೆ. ಅಂಗಡಿಯವರು ನಾಲ್ಕು ಜನ ಗಿರಾಕಿಗಳನ್ನು ಕರೆಸಿದ್ದರು. ನಾನು ಆ ಕೆಸರು ಬೂಟು ಬಿಚ್ಚಿ, ಹಾಸಿಗೆಯ ಮೇಲೆ ಅಂಗಾತ ಮಲಗಿ, "ನೋಡಿ, ಬೆನ್ನುಮೂಳೆಗೆ ಇದು ಹೇಗೆ ಆಸರೆ ಕೊಡುತ್ತೆ ಅಂದ್ರೆ" ಎಂದು ಶುರುಮಾಡಿದೆ. ಹೇಗೆ ಕೊಡುತ್ತೆ ಎನ್ನುವುದನ್ನು ಇವತ್ತಿನವರೆಗೂ ಅವರಿಗೆ ಹೇಳಿಲ್ಲ.

ಎಚ್ಚರವಾದಾಗ ಸಂಜೆಯಾಗಿತ್ತು. ಗಾಜಿನ ಆಚೆ ಬರೀ ಮುಖಗಳು. ಯಾರೋ ಪುಣ್ಯಾತ್ಮರು ನನಗೆ ಹೊದಿಕೆ ಹೊದಿಸಿದ್ದರು. ಅದರ ಬೆಲೆಚೀಟಿ ನನ್ನ ಗಲ್ಲದ ಮೇಲೆ ಆಡುತ್ತಿತ್ತು. ನಾನು ಧಡಕ್ಕನೆ ಎದ್ದು ಕೂತರೆ ರಸ್ತೆಯವರೆಲ್ಲ ಚಪ್ಪಾಳೆ ತಟ್ಟಿದರು. ಎಬ್ಬಿಸಬಾರದಿತ್ತೇ ಎಂದು ಅಂಗಡಿಯವರನ್ನು ಕೇಳಿದೆ. "ಎಬ್ಬಿಸಿದ್ರೆ ಗುಂಪು ಚದುರಿ ಹೋಗ್ತಿತ್ತಲ್ಲ ಸಾರ್" ಎಂದು ಮುಗ್ಧವಾಗಿ ಹೇಳಿದರು. ನಾಚಿಕೆಯಿಂದ ಸಾಯುವಂತಾಗಿತ್ತು, ನಿಜ. ಆದರೆ ಒಳಗೊಳಗೇ ಇನ್ನೊಂದು ಸಂಗತಿ. ಮೈ ಹಗುರವಾಗಿತ್ತು, ತಲೆಯೊಳಗೆ ಗುಡಿಸಿ ಸಾರಿಸಿದ ಹಾಗಿತ್ತು. ಎಷ್ಟೋ ತಿಂಗಳ ಮೇಲೆ ನಾನು ನಿದ್ದೆ ಮಾಡಿದ್ದೆ.

ಮರುದಿನ ಪೇಪರಿನಲ್ಲಿ ಫೋಟೋ ಬಂತು. "ಮಾರಲು ಬಂದವನೇ ಮಲಗಿಬಿಟ್ಟ" ಎಂದು ತಲೆಬರಹ. ಕ್ಯಾಮೆರಾದವನು ಕಾಲಿನ ಕಡೆಯಿಂದ ತೆಗೆದಿದ್ದರಿಂದ ನನ್ನ ಮುಖಕ್ಕಿಂತ ಕಾಲುಚೀಲಗಳೇ ದೊಡ್ಡದಾಗಿ ಬಿದ್ದಿದ್ದವು, ಒಂದು ಕಪ್ಪು, ಇನ್ನೊಂದು ಕೆಂಪು ಪಟ್ಟೆಯದು. ಜನ ಏನನ್ನುತ್ತಾರೋ ಎಂಬ ಕುತೂಹಲಕ್ಕೆ ಬೇಕೆಂದೇ ಬೀದಿ ಸುತ್ತಿದೆ. ಲಾಡ್ಜಿನ ಗುಮಾಸ್ತ ಬೀಗದ ಕೈ ಕೊಡುವ ಮೊದಲು ಕೌಂಟರಿನ ಮೇಲೆ ಬಗ್ಗಿ ನನ್ನ ಕಾಲು ನೋಡಿದ. ಕ್ಷೌರಿಕ ಕತ್ತರಿ ನಿಲ್ಲಿಸಿ ಕನ್ನಡಿಯಲ್ಲೇ ಕಣ್ಣು ಮಿಟುಕಿಸಿ, "ನಮ್ಮ ಹತ್ರ ಯಾಕೆ ಮುಚ್ಚುಮರೆ, ನಾಟಕ ತಾನೇ?" ಎಂದ. ಔಷಧಿ ಅಂಗಡಿಯಾಕೆ ನಗಲೇ ಇಲ್ಲ, "ಹಗಲು ಹೊತ್ತು ಹಾಗೆ ನಿದ್ದೆ ಬರಬಾರದು, ರಕ್ತ ಪರೀಕ್ಷೆ ಮಾಡಿಸ್ಕೊಳ್ಳಿ" ಎಂದು ಗದರಿದಳು. ಬಸ್ ನಿಲ್ದಾಣದಲ್ಲಿ ಒಬ್ಬಾತ ಫೋಟೋ ನೋಡಿ, ನನ್ನನ್ನು ನೋಡಿ, ಮತ್ತೆ ಫೋಟೋ ನೋಡಿ, ಆಟದ ಪುಟ ತಿರುವಿಕೊಂಡ. ಸುಳ್ಳೇಕೆ ಹೇಳಲಿ, ಅದಕ್ಕೆ ಸ್ವಲ್ಪ ಬೇಜಾರಾಯಿತು. ನಿನ್ನ ಅಮ್ಮನಿಗೆ ಯಾರು ತೋರಿಸಿದರೋ, ಫೋನ್ ಮಾಡಿ, "ಅಳಿಯಂದಿರೇ, ಬಾಯಿ ಮುಚ್ಕೊಂಡು ಮಲಗಿದ್ದೀರಲ್ಲ, ಅಷ್ಟೇ ಸಮಾಧಾನ" ಎಂದರು. ನಮ್ಮ ಮಾಲೀಕರದ್ದಂತೂ ಕೇಳಬೇಡ. ಬೆಳಿಗ್ಗೆ ಕೆಲಸದಿಂದ ತೆಗೆದುಹಾಕುತ್ತೇನೆ ಎಂದು ಕೂಗಾಡಿದವರು, ಅಂಗಡಿಯವರಿಂದ ಹೊಸ ಬೇಡಿಕೆ ಹೋದದ್ದೇ ತಡ, ಸಂಜೆಗೆ ಬೆಣ್ಣೆಯಾದರು. "ಇಂಥ ಪ್ರತಿಭೆ ಇಟ್ಕೊಂಡು ಇಷ್ಟು ದಿನ ಯಾಕ್ರೀ ಸುಮ್ನಿದ್ರಿ?" ಎಂದರು. ಇನ್ನು ಮುಂದೆ ದೊಡ್ಡ ದೊಡ್ಡ ಊರುಗಳಿಗೆಲ್ಲ ಹೋಗಿ ಅಂಗಡಿಯ ಗಾಜಿನ ಹಿಂದೆ ನಿದ್ದೆ ಮಾಡುವುದೇ ನನ್ನ ಕೆಲಸವಂತೆ. ಸಂಬಳವನ್ನೂ ಏರಿಸುತ್ತಾರಂತೆ.

ಆದರೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದ ಹುಳು ಬೇರೆ. ನಿದ್ದೆ ಬಂದದ್ದು ಹೇಗೆ? ಹಾಸಿಗೆಯಿಂದಲ್ಲ, ಅದೇ ಹಾಸಿಗೆ ನಮ್ಮ ಮನೆಯಲ್ಲೂ ಇದೆ, ಅದರ ಮೇಲೆ ನಾನು ದೋಸೆಯ ಹಾಗೆ ಮಗುಚಿಕೊಳ್ಳುತ್ತಲೇ ಇರುತ್ತೇನೆ. ಪ್ರಯಾಣದ ಸುಸ್ತು ಎನ್ನೋಣವೆಂದರೆ, ನಾನು ಸುಸ್ತಾಗದ ದಿನವೇ ಇಲ್ಲ. ಬೆಳಕಿನಿಂದಲೋ ಎಂದು ನಿನ್ನೆ ಲಾಡ್ಜಿನ ಕೋಣೆಯಲ್ಲಿ ದೀಪ ಹಾಕಿಕೊಂಡು ಮಲಗಿದೆ, ಸೊಳ್ಳೆಗಳಿಗೆ ಅನುಕೂಲವಾಯಿತು. ಸದ್ದಿನಿಂದಲೋ ಎಂದು ರೇಡಿಯೋದಲ್ಲಿ ವಾರ್ತೆ ಹಾಕಿದೆ. ಪ್ರವಾಹವನ್ನೂ ಆಟದ ಗೆಲುವನ್ನೂ ಒಂದೇ ದನಿಯಲ್ಲಿ ಓದುವ ಆ ಮನುಷ್ಯ ನನ್ನ ಕಣ್ಣನ್ನು ಇನ್ನಷ್ಟು ಅಗಲ ಮಾಡಿದ. ಇವತ್ತು ಬೆಳಿಗ್ಗೆ ತಡೆಯಲಾರದೆ ಅಂಗಡಿಗೇ ಹೋಗಿ, ಒಂದು ಪರೀಕ್ಷೆ ಮಾಡಬೇಕು ಎಂದು ಕೇಳಿಕೊಂಡು ಮತ್ತೆ ಅದೇ ಮಂಚದ ಮೇಲೆ ಮಲಗಿದೆ. ಅಂಗಡಿಯವರ ಆ ಸೋದರತ್ತೆ ಬಂದು ಪಕ್ಕದಲ್ಲಿ ಕೂತರು. ನನ್ನ ಮೇಲೆ ಕನಿಕರದಿಂದಲೋ ಏನೋ, ಇವತ್ತು ತುಟಿ ಬಿಗಿಹಿಡಿದು ಮೌನವಾಗಿ ಓದತೊಡಗಿದರು. ನಾನು ಚಾವಣಿಯ ಬಿರುಕುಗಳನ್ನು ಎಣಿಸುತ್ತ ಬಿದ್ದುಕೊಂಡೆ. ಸ್ವಲ್ಪ ಹೊತ್ತಿಗೆ ಅವರಿಗೆ ನಾನಿರುವುದೇ ಮರೆತುಹೋಯಿತು. "ಅಯ್ಯೋ ಪಾಪ" ಎಂದರು. ಪುಟ ತಿರುವಿ, "ಇವನಿಗೆ ಬೇರೆ ಕೆಲಸ ಇರಲಿಲ್ವಾ" ಎಂದರು. ಇನ್ನೊಂದು ಪುಟಕ್ಕೆ ಬಂದು, "ಸೇತುವೆ ಇನ್ನೂ ಮುಗಿದಿಲ್ವಂತೆ, ಮುಗಿಯೋದೂ ಇಲ್ಲ ಬಿಡು" ಎಂದು ಯಾರಿಗೂ ಅಲ್ಲದೆ ಹೇಳಿಕೊಂಡರು. ನನ್ನ ರೆಪ್ಪೆ ತಾನಾಗಿ ಇಳಿಯತೊಡಗಿತು.

ಆಗ ಗೊತ್ತಾಯಿತು ನೋಡು. ಬೆಳಗಿನ ಪೇಪರನ್ನು ಹಗಲೆಲ್ಲ ಮುಟ್ಟದೆ, ಹಾಸಿಗೆಗೆ ಬಂದ ಮೇಲೆ ಓದುವವಳು ಈ ಲೋಕದಲ್ಲಿ ನೀನೊಬ್ಬಳೇ ಇರಬೇಕು. ಓದುತ್ತ ಒಂದೊಂದು ಸುದ್ದಿಗೂ ಒಂದೊಂದು ಮಾತು. ಮಂತ್ರಿಗೆ ಬೈಗುಳ, ಕಳೆದುಹೋದ ಮಗುವಿಗೆ ನಿಟ್ಟುಸಿರು, ಲಾಟರಿ ಹೊಡೆದವನಿಗೆ "ಎಲ್ಲಾ ಕಳೀತಾನೆ ನೋಡ್ತಿರಿ". ನಾನು ಗೋಡೆಯ ಕಡೆ ತಿರುಗಿಕೊಂಡು, ಸಾಕು ಮಾಡೇ ಎಂದು ಎಷ್ಟು ಗೊಣಗಿದ್ದೇನೆ! ಗೊಣಗುತ್ತಲೇ ನಿದ್ದೆ ಹೋಗುತ್ತಿದ್ದೆ. ಲೋಕದ ತಾಪತ್ರಯಗಳನ್ನೆಲ್ಲ ಪಕ್ಕದಲ್ಲಿ ಒಬ್ಬಳು ನೋಡಿಕೊಳ್ಳುತ್ತಿದ್ದಾಳೆ, ಇನ್ನು ನಾನು ಮಲಗಬಹುದು ಎಂದು ನನ್ನ ಒಳಮನಸ್ಸು ನಂಬಿಕೊಂಡಿತ್ತೇನೋ. ಅಂಗಡಿಯ ಗಾಜಿನ ಹಿಂದೆ ಇವತ್ತು ನಿದ್ದೆ ಬರಲಿಲ್ಲ. ರೆಪ್ಪೆ ಇಳಿದದ್ದೇನೋ ಹೌದು, ಆದರೆ ಅಷ್ಟರಲ್ಲಿ ಅಳು ಬಂತು. ಆ ಸೋದರತ್ತೆ ಪೇಪರ್ ಮಡಚಿ, ಕುಡಿಯಲು ನೀರು ಕೊಟ್ಟರು. ನೀನಿಲ್ಲದೆ ನನಗೆ ಆಗುವುದಿಲ್ಲ. ಇಷ್ಟನ್ನು ಹೇಳಲು ಇಷ್ಟು ಸುತ್ತು ಬಳಸಿ ಬಂದೆ. ಈಗ ಒಂದೇ ಕುತೂಹಲ ಉಳಿದಿದೆ. ಅಲ್ಲಿ ಒಬ್ಬಳೇ ಕೂತು ಪೇಪರ್ ಓದುವಾಗಲೂ ನೀನು ಹಾಗೆಯೇ ಮಾತಾಡುತ್ತೀಯಾ? ಯಾರಿಗೆ ಹೇಳುತ್ತೀಯ?

ನಿನ್ನ ಪಕ್ಕದ ಕೋಣೆಯ ಟೀಚರಿಗೆ ನನ್ನ ನಮಸ್ಕಾರ ತಿಳಿಸು. ಫೋಟೋ ಅವರ ಕಣ್ಣಿಗೂ ಬಿದ್ದಿದ್ದರೆ, ಆ ಕಾಲುಗಳು ನನ್ನವಲ್ಲ ಎಂದುಬಿಡು. ಮೊಣಕಾಲಿಗೆ ಎಣ್ಣೆ ಹಚ್ಚಿಕೋ, ಮರೆಯಬೇಡ.

ನಿನ್ನ,
ಹಾಸಿಗೆ ಸಾಹುಕಾರ

ತಾ.ಕ.: ಕೊರಿಯರಿನವನು ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಬಿಟ್ಟು ಬಾ ಎಂದು ಹೇಳುತ್ತೇನೆ ಅಂದುಕೊಂಡೆಯಾ? ಒಪ್ಪಿಕೋ ಆ ಎರಡು ವರ್ಷಕ್ಕೆ. ಕ್ಲಾಸಿನ ವಿಷಯ ಹೇಳುವಾಗ ನಿನ್ನ ದನಿ ಎಷ್ಟು ಮೇಲೇರುತ್ತದೆ ಎಂದು ನಿನಗೇ ಗೊತ್ತಿಲ್ಲ. ಗಾಜಿನ ಹಿಂದೆ ಮಲಗುವ ಕೆಲಸ ನನಗೆ ಬೇಡ ಎಂದು ಅಂಗಡಿಯಿಂದಲೇ ಮಾಲೀಕರಿಗೆ ಫೋನ್ ಮಾಡಿ, ನಿನ್ನ ಊರಿನ ಸುತ್ತಮುತ್ತಲ ಅಂಗಡಿಗಳನ್ನು ನನಗೆ ವಹಿಸಿ ಎಂದು ಕೇಳಿದೆ. ಆ ಮೂಲೆಯಲ್ಲಿ ಏನಿದೆ ನಿಮ್ಮ ತಲೆ ಎಂದು ಬೈದು, ಒಪ್ಪಿದರು. ಶನಿವಾರ ಸಂಜೆ ಬರುತ್ತೇನೆ. ನಿನ್ನ ಮಂಚ ಒಬ್ಬರಿಗೇ ಆಗುವಂಥದ್ದು ಎಂದು ನೀನೇ ಹೇಳಿದ್ದೆ, ಚಿಂತೆಯಿಲ್ಲ, ನೆಲದ ಮೇಲೆ ಹಾಸಲು ನಾನೇ ತರುತ್ತೇನೆ. ಒಂದೇ ಒಂದು ಬೇಡಿಕೆ. ಅವತ್ತು ರಾತ್ರಿ ನನಗಿಂತ ಮೊದಲು ಮಲಗಬೇಡ.